ಹದಿನೈದನೆಯ ದನಿ

ನೋಹೆಯಾಳ ದೇಹದ ಅರ್ಧ ಗ್ಯಾರೇಜಿನ ಕಿಟಕಿಯ ಒಳಗಿತ್ತು, ಇನ್ನರ್ಧ ಹೊರಗಿತ್ತು. ಒಳಗಿನ ಅರ್ಧಕ್ಕೆ ಬಟ್ಟೆ ಒಗೆಯುವ ಮೆಷಿನ್ನೂ ಸೋಪಿನ ಪುಡಿಯ ಡಬ್ಬವೂ ಕಾಣಿಸುತ್ತಿದ್ದವು. ಹೊರಗಿನ ಅರ್ಧಕ್ಕೆ ಏನೂ ಕಾಣಿಸುತ್ತಿರಲಿಲ್ಲ. ಪಕ್ಕದ ಮನೆಯ ನಾಯಿ ಅವಳ ಕಾಲಿನ ಹೆಬ್ಬೆರಳನ್ನು ಮೂಸುತ್ತಿದೆ ಎಂಬುದು ಮಾತ್ರ ತಿಳಿಯುತ್ತಿತ್ತು.

"ಏನಮ್ಮಾ, ಇದರಲ್ಲಿ ಯಾವ ಅರ್ಧ ಮನೆಯವರದು, ಯಾವ ಅರ್ಧ ಕಳ್ಳರದು?"

ಕೇಳಿದವನು ಪಕ್ಕದ ಮನೆಯ ಅಂಕಲ್ ಬೋಜೋ. ಅವನು ತನ್ನ ಹಳೆಯ ಟ್ರಕ್ಕಿನ ಕೆಳಗೆ ಮಲಗಿದ್ದ. ಆ ಟ್ರಕ್ಕು ರಸ್ತೆಯ ಮೇಲೆ ಓಡಿದ್ದಕ್ಕಿಂತ ಅವನು ಅದರ ಕೆಳಗೆ ಮಲಗಿದ್ದೇ ಹೆಚ್ಚು.

"ಸುಮ್ನಿರಿ ಅಂಕಲ್! ಟೂಟೂಗೆ ಕೇಳಿಸತ್ತೆ!"

"ನಾನು ಸುಮ್ನಿದ್ರೂ ಆ ಡಬ್ಬ ಸುಮ್ನಿರಲ್ಲ, ನೋಡ್ಕೋ."

ಡಬ್ಬ ಬಿದ್ದಿತು.

ಮೆಷಿನ್ನಿನ ಆಚೆ ಒಂದು ಪರದೆ ಇತ್ತು. ಪರದೆಯ ಆಚೆ ಸೋರೆಬುರುಡೆಯ ತಾಳ ಕೇಳಿಸುತ್ತಿತ್ತು. ಅದು ನಿಂತಿತು. ಪರದೆ ಸರಿಯಿತು. ಹದಿನಾಲ್ಕು ಮಕ್ಕಳು ಸಾಲಾಗಿ ನಿಂತು ನೋಡಿದರು. ಅವರ ಮುಂದೆ, ಎಪ್ಪತ್ತೊಂದು ವರ್ಷದ ಕುಮು ವೇಹೀಲಾನಿ, ಬುರುಡೆಯನ್ನು ಕಂಕುಳಲ್ಲಿ ಹಿಡಿದು, ನೋಹೆಯಾಳ ಮುಖವನ್ನೂ ಅದರ ಮೇಲಿನ ಸೋಪಿನ ಪುಡಿಯನ್ನೂ ಪರಿಶೀಲಿಸಿದಳು.

"ಹಲ್ಲಿ," ಎಂದಳು. "ದೊಡ್ಡದು."

"ಕುಮು, ನಾನು..."

"ಬಂದ ಹಾಗೇ ಹೋಗು."

ಬಂದ ಹಾಗೆ ಹೋಗುವುದು ಸಾಧ್ಯವಾಗಲಿಲ್ಲ. ಕೊನೆಗೆ ಅಂಕಲ್ ಬೋಜೋ ಟ್ರಕ್ಕಿನ ಕೆಳಗಿನಿಂದ ಎದ್ದು ಬಂದು, ಎರಡು ಕಾಲುಗಳನ್ನು ಹಿಡಿದು, ಮೂರು ಎಳೆತಗಳಲ್ಲಿ ಅವಳನ್ನು ಹೊರಗೆ ತೆಗೆದ. ಅವನ ಕೈಯ ಗ್ರೀಸು ಅವಳ ಕಾಲಿಗೆ ಹತ್ತಿತು. ಒಳಗೆ ಅವಳ ಕ್ಲಾಸಿನ ಕೈಪೋ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಕುಮು ವೇಹೀಲಾನಿ ನೋಹೆಯಾಳ ಸ್ವಂತ ಅಜ್ಜಿ. ಮನೆಯೊಳಗೆ ಅವಳು ಟೂಟೂ. ಗ್ಯಾರೇಜಿನೊಳಗೆ ಅವಳು ಕುಮು, ಅಂದರೆ ಗುರು. ಎರಡಕ್ಕೂ ನಡುವೆ ಇದ್ದುದು ಅಡುಗೆಮನೆಯ ಒಂದು ಬಾಗಿಲು ಮಾತ್ರ.

ಟೂಟೂ ಮೂವತ್ತೊಂದು ವರ್ಷ ತಮ್ಮ ದ್ವೀಪದ ಕಾಉನಕಾಕಾಯಿ ಊರಿನ ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸಿದ್ದಳು. ಸಂಜೆ ನಾಲ್ಕಕ್ಕೆ ಅಲ್ಲಿಂದ ಬಂದು ಹೂಲಾ ನೃತ್ಯ ಕಲಿಸುತ್ತಿದ್ದಳು. ಈಗ ಪೋಸ್ಟ್ ಆಫೀಸು ಬಿಟ್ಟಿದ್ದಳು; ನಾಲ್ಕು ಗಂಟೆಯನ್ನು ಬಿಟ್ಟಿರಲಿಲ್ಲ. ಕಾರಿಗಾಗಿ ಕಟ್ಟಿದ ಗ್ಯಾರೇಜಿನಲ್ಲಿ ಚಾಪೆ ಹಾಸಿತ್ತು. ಕಾರು ಮಾವಿನ ಮರದ ಕೆಳಗೆ ನಿಂತು ತುಕ್ಕು ಹಿಡಿಯುತ್ತಿತ್ತು. ಕಲಿಯುವವರ ಮನೆಗಳಿಂದ ಮೀನು ಬರುತ್ತಿತ್ತು, ಬಾಳೆಗೊನೆ ಬರುತ್ತಿತ್ತು, ಒಮ್ಮೆ ಒಂದು ಜೀವಂತ ಹಂದಿಮರಿ ಬಂದಿತ್ತು. ಅದನ್ನು ಟೂಟೂ ವಾಪಸು ಕಳುಹಿಸಿದ್ದಳು. ಅದು ತಾಳಕ್ಕೆ ಅಡ್ಡ ಬರುತ್ತಿತ್ತು.

ಪಾಠದ ನಿಯಮ ಸರಳವಾಗಿತ್ತು. ಮಕ್ಕಳು ಗ್ಯಾರೇಜಿನ ಹಲಗೆ ಬಾಗಿಲ ಹೊರಗೆ ಎರಡು ಸಾಲಾಗಿ ನಿಲ್ಲಬೇಕು, ಸಾಲಿಗೆ ಏಳು. ಎಲ್ಲರೂ ಕೂಡಿ ಬಾಗಿಲ ಕರೆಯನ್ನು ಹಾಡಬೇಕು. ಅದಕ್ಕೆ ನಾಲ್ಕು ಸಾಲು. ಗಾಳಿ ಬೆನ್ನನ್ನು ತಳ್ಳುತ್ತಿದೆ, ಕೆಂಧೂಳು ಕಾಲಿಗೆ ಮೆತ್ತಿದೆ, ಹಾದಿ ಇಲ್ಲಿಗೆ ಮುಗಿದಿದೆ, ಒಳಗಿರುವವರೇ, ನಾವು ಹೊರಗಿದ್ದೇವೆ. ಇದು ಅದರ ಅರ್ಥ.

ಒಳಗಿರುವ ಕುಮುವಿಗೆ ಒಪ್ಪಿಗೆಯಾದರೆ ಅವಳು ಓಗೊಡುವಳು. ಅದಕ್ಕೂ ನಾಲ್ಕು ಸಾಲು. ಗಾಳಿ ದನಿಯನ್ನು ತಂದಿತು, ಧೂಳು ತೊಳೆಯಲು ನೀರಿದೆ, ಹಾದಿ ಒಳಗೂ ಇದೆ, ಹೊರಗಿರುವವರೇ, ಬನ್ನಿ. ಒಪ್ಪಿಗೆಯಾಗದಿದ್ದರೆ ಮೌನ. ಆಗ ಮತ್ತೆ ಕರೆಯಬೇಕು. ಒಂದು ಸಲ ಮಕ್ಕಳು ಹನ್ನೊಂದು ಬಾರಿ ಕರೆದಿದ್ದರು. ಹನ್ನೊಂದನೆಯ ಬಾರಿ ಕರೆದಾಗ ಅಂಕಲ್ ಬೋಜೋ ಟ್ರಕ್ಕಿನ ಕೆಳಗಿನಿಂದ "ನಮ್ಮನೆಗಾದ್ರೂ ಬನ್ನಿ" ಎಂದಿದ್ದ.

ಈ ನಿಯಮ ನೋಹೆಯಾಳಿಗೆ ಇರಲಿಲ್ಲ. ಇಲ್ಲವೆಂದು ಅವಳು ತಿಳಿದಿದ್ದಳು. ಅವಳ ಹಾಸಿಗೆಯಿಂದ ಗ್ಯಾರೇಜಿನ ಚಾಪೆಗೆ ಹದಿನಾಲ್ಕು ಹೆಜ್ಜೆ. ಎರಡು ವರ್ಷಗಳಿಂದ ಅವಳು ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಂದ ನೇರವಾಗಿ ಬಂದು ಚಾಪೆಯ ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದಳು. ಹೊರಗೆ ಉಳಿದವರು ಬಿಸಿಲಿನಲ್ಲಿ ಕರೆಯುತ್ತಿರುವಾಗ ಅವಳು ಬ್ರೆಡ್ಡು ಮುಗಿಸುತ್ತಿದ್ದಳು. ಓಗೊಡುವ ಮೊದಲು ಕುಮು ಚಾಪೆಯ ಮಡಿಸಿದ ಮೂಲೆಯನ್ನು ಕಾಲಿನಿಂದ ಎಳೆದು ನೇರ ಮಾಡುತ್ತಿದ್ದಳು. ಪ್ರತಿದಿನವೂ "ಏಳು, ಮೂಲೆ ಬಿಡು" ಎನ್ನುತ್ತಿದ್ದಳು. ಪ್ರತಿದಿನವೂ ನೋಹೆಯಾ ಅರ್ಧ ಎದ್ದು, ಮತ್ತೆ ಕೂರುತ್ತಿದ್ದಳು.

ಕಳೆದ ಸೋಮವಾರ ಅವಳು ಒಂದು ಹೆಜ್ಜೆ ಮುಂದೆ ಹೋದಳು. ಹಲಗೆ ಬಾಗಿಲಿನ ಸಂದಿಗೆ ಕಣ್ಣಿಟ್ಟು, ಬೆವರು ಸುರಿಸುತ್ತ ಕರೆಯುತ್ತಿದ್ದ ಕೈಪೋಗೆ ಬ್ರೆಡ್ಡು ತೋರಿಸಿದಳು. ಅನಂತರ ನಾಲಿಗೆ ತೋರಿಸಿದಳು. ಕೈಪೋ ಮೂರನೆಯ ಸಾಲಿನಲ್ಲಿ ತಪ್ಪಿದ. ಎಲ್ಲರೂ ಮೊದಲಿನಿಂದ ಕರೆಯಬೇಕಾಯಿತು.

ಅಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಚಿಲಕ ಬಿದ್ದಿತು.

"ಟೂಟೂ, ಇದ್ಯಾಕೆ?"

"ಇವತ್ತಿಂದ ಅದು ಬಾಗಿಲಲ್ಲ, ಗೋಡೆ."

"ಆದ್ರೆ ನಾನು ಈ ಮನೇಲೇ ಇರೋದಲ್ವಾ?"

"ಇರು. ಯಾರು ಬೇಡ ಅಂದ್ರು? ಪಾಠಕ್ಕೆ ಬರೋದಾದ್ರೆ ಹೊರಗಿಂದ ಬಾ."

ಮಂಗಳವಾರ ನೋಹೆಯಾ ಎರಡನೆಯ ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಇದೇನು ದೊಡ್ಡ ವಿಷಯವಲ್ಲ ಎಂಬುದು ಅವಳ ಲೆಕ್ಕಾಚಾರ. ಎಲ್ಲರೂ ಕರೆದರು. ಕುಮು ಓಗೊಟ್ಟಳು. ಬಾಗಿಲು ತೆರೆಯಿತು. ಹದಿನಾಲ್ಕು ಮಂದಿ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದರು. ನೋಹೆಯಾಳ ಮುಂದೆ ಮಾತ್ರ ಕುಮುವಿನ ಕೈ ಅಡ್ಡ ಬಂದಿತು.

"ಬಂದವರು ಹದಿನೈದು. ಕೇಳಿದ ದನಿ ಹದಿನಾಲ್ಕು."

"ನಾನೂ ಹೇಳ್ದೆ, ಕುಮು!"

"ಬಾಯಿ ಆಡಿಸ್ದೆ. ಮೀನೂ ಆಡಿಸತ್ತೆ."

ಅದು ನಿಜವಾಗಿತ್ತು. ಬಾಗಿಲ ಕರೆಯ ಮೊದಲ ಸಾಲು ಬಿಟ್ಟರೆ ಅವಳಿಗೆ ಏನೂ ಬರುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಅವಳು ಒಮ್ಮೆಯೂ ಕರೆದಿರಲಿಲ್ಲ.

ಬಾಗಿಲು ಮುಚ್ಚುವ ಮೊದಲು ಕುಮು ಇನ್ನೊಂದು ಮಾತು ಹೇಳಿದಳು. "ಮುಂದಿನ ಶನಿವಾರ ಹೂಮಾಲೆ ಹಬ್ಬ. ಬರೋ ಸೋಮವಾರದೊಳಗೆ ಒಳಗಿದ್ದೋರು ಕುಣೀತಾರೆ. ಹೊರಗಿದ್ದೋರು ನೋಡ್ತಾರೆ. ನೋಡೋಕೆ ಕುರ್ಚಿ ಬೇಕಾದಷ್ಟಿದೆ."

ನೋಹೆಯಾಳ ಅಮ್ಮ ಬೇರೆ ದ್ವೀಪದಲ್ಲಿ, ಹೊನೊಲುಲುವಿನ ಆಸ್ಪತ್ರೆಯಲ್ಲಿ ನರ್ಸ್. ಹಬ್ಬದ ದಿನ ಬೆಳಗಿನ ಪುಟ್ಟ ವಿಮಾನದಲ್ಲಿ ಬರುವುದೆಂದು ತಿಂಗಳ ಹಿಂದೆಯೇ ಟಿಕೆಟ್ಟು ತೆಗೆದಿದ್ದಳು. ಬರುವುದು ಕುರ್ಚಿಯಲ್ಲಿ ಕುಳಿತ ನೋಹೆಯಾಳನ್ನು ನೋಡಲು ಅಲ್ಲ.

ಮರುದಿನ, ಬುಧವಾರ, ನಡೆದದ್ದು ಕಿಟಕಿಯ ಪ್ರಕರಣ. ಅದನ್ನು ಆಗಲೇ ಹೇಳಿದ್ದಾಗಿದೆ.

ಬುಧವಾರ ರಾತ್ರಿಯ ಊಟಕ್ಕೆ ಹುರಿದ ಮೀನಿತ್ತು. ಟೂಟೂ ಮುಳ್ಳು ಬಿಡಿಸಿ ಮೊಮ್ಮಗಳ ತಟ್ಟೆಗೆ ಹಾಕಿದಳು. ಅವಳ ಕೂದಲಿನಲ್ಲಿ ಉಳಿದಿದ್ದ ಸೋಪಿನ ಪುಡಿಯನ್ನು ಕೊಡವಿದಳು.

ನೋಹೆಯಾ ಬೇರೆ ದಾರಿ ಹಿಡಿದಳು. "ಟೂಟೂ, ನೀನು ಆ ಕುಮುಗೆ ಸ್ವಲ್ಪ ಹೇಳು."

"ಯಾವ ಕುಮು?"

"ಗ್ಯಾರೇಜಿನಲ್ಲಿರೋಳು."

"ಓ, ಅವಳಾ? ನಂಗೆ ಅಷ್ಟಾಗಿ ಪರಿಚಯ ಇಲ್ಲ."

"ತುಂಬಾ ಕೆಟ್ಟವಳು ಟೂಟೂ ಅವಳು."

"ಹೌದಂತೆ. ಊರೆಲ್ಲ ಹಾಗೇ ಹೇಳತ್ತೆ. ಇನ್ನೊಂದು ಮೀನು ಹಾಕ್ಲಾ?"

ಗುರುವಾರ ನೋಹೆಯಾ ಫೋನ್ ತಂದಳು. ಮಾವಿನ ಮರದ ಹಿಂದೆ ಅಡಗಿ ಹದಿನಾಲ್ಕು ಮಂದಿಯ ಕರೆಯನ್ನು ರೆಕಾರ್ಡ್ ಮಾಡಿಕೊಂಡಳು. ಅವರು ಒಳಗೆ ಹೋದ ಮೇಲೆ ಫೋನನ್ನು ಹೊಸ್ತಿಲ ಮೇಲಿಟ್ಟು, ವಾಲ್ಯೂಮ್ ಪೂರ್ತಿ ಏರಿಸಿ, ಗುಂಡಿ ಒತ್ತಿದಳು. ಫೋನು ಹದಿನಾಲ್ಕು ದನಿಗಳಲ್ಲಿ ಒಂದೂ ತಪ್ಪಿಲ್ಲದೆ ಕರೆಯಿತು.

ಒಳಗೆ ತಾಳ ನಿಂತಿತು. ಆಮೇಲೆ, ನಂಬಲಾಗದಂತೆ, ಕುಮು ಓಗೊಟ್ಟಳು. ನಾಲ್ಕು ಸಾಲನ್ನೂ ಪೂರ್ತಿಯಾಗಿ. ಬಾಗಿಲು ತೆರೆಯಿತು. ನೋಹೆಯಾ ಒಂದು ಕಾಲನ್ನು ಮುಂದಿಟ್ಟಳು.

"ಕರೆದೋರು ಯಾರು?" ಎಂದು ಕುಮು ಕೇಳಿದಳು.

ನೋಹೆಯಾ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. "ಫೋನು, ಕುಮು."

"ಚೆನ್ನಾಗಿ ಕರೀತು. ಬರಲಿ."

ಕುಮು ಬಾಗಿ, ಫೋನನ್ನು ಎರಡೂ ಕೈಗಳಲ್ಲಿ ಗೌರವದಿಂದ ಎತ್ತಿ, ಒಳಗೆ ಒಯ್ದು, ಚಾಪೆಯ ಮೇಲೆ ಹದಿನೈದನೆಯ ಜಾಗದಲ್ಲಿ ಇಟ್ಟಳು. ಬಾಗಿಲು ಮುಚ್ಚಿತು.

ಪಾಠದ ನಡುವೆ ಹೊನೊಲುಲುವಿನಿಂದ ಅಮ್ಮ ಕರೆ ಮಾಡಿದಳು. ಫೋನು ಚಾಪೆಯ ಮೇಲೆ ಗಿರಗಿರನೆ ತಿರುಗಿತು. "ಪಾಠದ ಹೊತ್ತಲ್ಲಿ ಮಾತಾಡಬಾರ್ದು" ಎಂದು ಕುಮು ಅದಕ್ಕೆ ಹೇಳಿದ್ದು ಹೊರಗಿದ್ದ ನೋಹೆಯಾಳಿಗೂ ಕೇಳಿಸಿತು. ಒಳಗೆ ಹದಿನಾಲ್ಕು ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಟ್ರಕ್ಕಿನ ಕೆಳಗೂ ಒಬ್ಬರು ನಗುತ್ತಿದ್ದರು.

ಪಾಠ ಮುಗಿದ ಮೇಲೆ ಕುಮು ಫೋನನ್ನು ಹಿಂದಿರುಗಿಸಿದಳು. "ಒಂದೇ ಒಂದು ಸಲ ಮಾತಾಡ್ತು. ಅದು ಬಿಟ್ರೆ ನಿನಗಿಂತ ಶಿಸ್ತು."

ಆ ಸಂಜೆ ನೋಹೆಯಾ ತನ್ನ ಮಾನವನ್ನು ಬದಿಗಿಟ್ಟು ಕೈಪೋನ ಮನೆಗೆ ಹೋದಳು. ಕೈಪೋ ಅವಳದೇ ನಾಲ್ಕನೆಯ ಕ್ಲಾಸು. ಒಣಗಿಸಿದ ಮಾವಿನ ಹೋಳುಗಳ ಒಂದು ಇಡೀ ಪೊಟ್ಟಣ ಕೊಟ್ಟರೆ ಬಾಗಿಲ ಕರೆಯನ್ನು ಕಲಿಸುವುದಾಗಿ ಅವನು ಒಪ್ಪಿದ.

"ಮೊದಲು ನಾಲಿಗೆ ತೋರಿಸಿದ್ದಕ್ಕೆ ಸಾರಿ ಹೇಳು."

"ಸಾರಿ."

"ನಾಲಿಗೆ ಒಳಗಿಟ್ಕೊಂಡು ಹೇಳೇ!"

ಕತ್ತಲಾಗುವಷ್ಟರಲ್ಲಿ ನಾಲ್ಕು ಸಾಲುಗಳೂ ಅವಳಿಗೆ ಬಾಯಿಪಾಠವಾದವು. ಮಾವಿನ ಪೊಟ್ಟಣವೂ ಮುಗಿಯಿತು.

ಶುಕ್ರವಾರ ಅವಳು ಒಬ್ಬಳೇ ಬಾಗಿಲ ಮುಂದೆ ನಿಂತು ಕರೆದಳು. ಮಾತುಗಳು ಸರಿಯಾಗಿದ್ದವು. ಸ್ವರ ಸರಿಯಾಗಿತ್ತು. ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಓಗೊಡುವ ಮೊದಲ ಅಕ್ಷರ ಕೇಳಿದ ಕೂಡಲೇ ತಳ್ಳುವುದೆಂದು ಅವಳು ಸಿದ್ಧಳಾಗಿದ್ದಳು.

ಒಳಗೆ ತಾಳ ನಡೆಯುತ್ತಲೇ ಇತ್ತು.

ಅವಳು ಮತ್ತೆ ಕರೆದಳು. ಈ ಬಾರಿ ಜೋರಾಗಿ. ಮೂರನೆಯ ಬಾರಿ ಬೇಗಬೇಗ. ನಾಲ್ಕನೆಯ ಬಾರಿ ಕೊನೆಯಲ್ಲಿ "ಸರಿ ಇದೆ ತಾನೇ?" ಎಂದು ಸೇರಿಸಿದಳು. ಐದನೆಯ ಬಾರಿ ಹಿಡಿಯನ್ನು ಅಲ್ಲಾಡಿಸಿದಳು. ಆರನೆಯ ಬಾರಿ ಕರೆಯಲಿಲ್ಲ. ಮಾವಿನ ಮರದ ಕೆಳಗಿನ ಕಾರಿನ ಮೇಲೆ ಹೋಗಿ ಕುಳಿತು ಅತ್ತಳು.

ಟ್ರಕ್ಕಿನ ಕೆಳಗಿನಿಂದ ಮೊದಲು ಒಂದು ಸ್ಪ್ಯಾನರ್ ಹೊರಬಂದಿತು, ಆಮೇಲೆ ಅಂಕಲ್ ಬೋಜೋ.

"ಎಷ್ಟನೇ ದಿನ ಇದು?"

"ನಾಲ್ಕನೇದು."

"ನಾಲ್ಕೇನಾ? ನಿಮ್ಮ ಟೂಟೂಗೆ ಕಲಿಸಿದೋರು ನಮ್ಮಜ್ಜಿ. ಇಗೋ, ಈ ನಮ್ಮ ಗೇಟಿನ ಹತ್ರ ನಿಮ್ಮ ಟೂಟೂ ನಿಂತ್ಕೊಂಡು ಕರೀತಿದ್ಲು. ಆಗ ಅವಳಿಗೆ ಹತ್ತು ವರ್ಷ, ನಂಗೆ ಐದು. ನಾನು ದಿನಾ ಎಣಿಸ್ತಿದ್ದೆ. ಒಂಬತ್ತು ದಿನ ನಿಂತಿದ್ಲು."

ನೋಹೆಯಾ ಮೂಗು ಒರೆಸಿಕೊಂಡಳು. "ಹತ್ತನೇ ದಿನ ಏನ್ಮಾಡಿದ್ಲು? ಹೇಗೆ ಕರೆದ್ಲು?"

"ಅದು ಗೊತ್ತಿಲ್ಲ. ಹತ್ತನೇ ದಿನ ನಂಗೆ ಜ್ವರ."

"ಅಂಕಲ್!"

"ಜ್ವರ ಬಂದ್ರೆ ನಾನೇನ್ಮಾಡ್ಲಮ್ಮಾ?"

"ಮತ್ತೆ ನೀವ್ಯಾಕೆ ಹೂಲಾ ಕಲೀಲಿಲ್ಲ? ನಿಮ್ಮ ಮನೇಲೇ ಇತ್ತಲ್ವಾ?"

ಅಂಕಲ್ ಬೋಜೋ ಸ್ಪ್ಯಾನರನ್ನು ಅಂಗಿಗೆ ಒರೆಸಿದ. ಅಂಗಿಯೇ ಹೆಚ್ಚು ಕೊಳೆಯಾಗಿತ್ತು. "ಅದಕ್ಕೇ. ಅಡುಗೆಮನೆ ಬಾಗಿಲಿಂದ ಹೋಗ್ತಿದ್ದೆ, ತಿಂಡಿ ತಿಂತಿದ್ದೆ, ಅದೇ ಬಾಗಿಲಿಂದ ವಾಪಸು ಬರ್ತಿದ್ದೆ. ಈಗ ನೋಡು, ಇಲ್ಲಿ ಮಲಗಿದೀನಿ." ಅವನು ಮತ್ತೆ ಟ್ರಕ್ಕಿನ ಕೆಳಕ್ಕೆ ಜಾರಿದ.

ಶನಿವಾರ, ಭಾನುವಾರ ಪಾಠವಿರಲಿಲ್ಲ. ಭಾನುವಾರ ಅಮ್ಮ ಫೋನ್ ಮಾಡಿ, "ನೀನು ಯಾವ ಸಾಲಲ್ಲಿರ್ತೀಯ ಕಂದಾ? ನಾನು ಆ ಕಡೆಗೇ ಕೂತ್ಕೋತೀನಿ" ಎಂದಳು. "ನೆಟ್‌ವರ್ಕ್ ಸರಿ ಇಲ್ಲಮ್ಮಾ" ಎಂದು ನೋಹೆಯಾ ಫೋನಿಟ್ಟಳು. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕನೆಯ ಕ್ಲಾಸಿನಲ್ಲಿ ಭಾಗಾಕಾರ ನಡೆಯುತ್ತಿತ್ತು. ಇಪ್ಪತ್ತೆರಡು ಮಕ್ಕಳು. ಮಿಸ್ ನಾಕಾಸೋನೆ ಬೋರ್ಡ್ ಒರೆಸಿ, "ಪುಸ್ತಕ ಮುಚ್ಚಿ. ಹಬ್ಬದ ಬಗ್ಗೆ ಹೇಳೋಕೆ ಒಬ್ರು ದೊಡ್ಡ ಅತಿಥಿ ಬರ್ತಿದಾರೆ" ಎಂದರು.

ಅತಿಥಿ ಯಾರೆಂದು ನೋಹೆಯಾಳಿಗೆ ಯಾರೂ ಹೇಳಿರಲಿಲ್ಲ. ಟೂಟೂ ಬೆಳಿಗ್ಗೆ ಉದ್ದನೆಯ ಹೂವಿನ ಗೌನನ್ನು ಇಸ್ತ್ರಿ ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಚರ್ಚಿನ ಕೆಲಸವಿರಬೇಕೆಂದು ತಿಳಿದಿದ್ದಳು.

ಬಾಗಿಲು ತೆರೆದಿತ್ತು. ಗಾಳಿಗೆ ಮುಚ್ಚಿಕೊಳ್ಳದಂತೆ ಅದಕ್ಕೆ ಒಂದು ಕಲ್ಲನ್ನೂ ಒತ್ತಿಟ್ಟಿತ್ತು. ಆ ತೆರೆದ ಬಾಗಿಲ ಹೊರಗೆ, ಬಿಸಿಲಿನಲ್ಲಿ, ಕುಮು ವೇಹೀಲಾನಿ ಬಂದು ನಿಂತಳು. ಚಪ್ಪಲಿ ಬಿಟ್ಟಳು. ಬುರುಡೆಯನ್ನು ಎರಡೂ ಕೈಗಳಿಂದ ಎದೆಗೆ ಹಿಡಿದಳು. ಬಾಗಿಲ ಕರೆಯನ್ನು ಹಾಡತೊಡಗಿದಳು.

ಇಡೀ ಕ್ಲಾಸು ಬಾಗಿಲ ಕಡೆ ತಿರುಗಿತು. ನೋಹೆಯಾ ಡೆಸ್ಕಿನ ಮೇಲೆ ತಲೆ ಇಟ್ಟು, ಪೆನ್ಸಿಲ್ ಡಬ್ಬಿಯ ಹಿಂದೆ ಅಡಗಲು ಪ್ರಯತ್ನಿಸಿದಳು. ಪೆನ್ಸಿಲ್ ಡಬ್ಬಿ ಚಿಕ್ಕದಾಗಿತ್ತು.

ಕರೆ ಮುಗಿಯಿತು. ಮಿಸ್ ನಾಕಾಸೋನೆ ಚಪ್ಪಾಳೆ ತಟ್ಟಿದರು. "ತುಂಬಾ ಚೆನ್ನಾಗಿತ್ತು! ಬನ್ನಿ ಕುಮು, ಬನ್ನಿ. ಬಾಗಿಲು ತೆರೆದೇ ಇದೆ."

ಕುಮು ವಿನಯದಿಂದ ನಕ್ಕಳು. ಕದಲಲಿಲ್ಲ. ಮತ್ತೆ ಮೊದಲಿನಿಂದ ಕರೆದಳು.

ಈ ಸಲ ಕೈಪೋಗೆ ತಡೆಯಲಾಗಲಿಲ್ಲ. ಈ ಹಾಡು ಕೇಳಿದಾಗ ಅವನಿಗೆ ಗೊತ್ತಿದ್ದ ಜಾಗ ಒಂದೇ. ಅವನು ಎದ್ದು ನೇರವಾಗಿ ಹೊರಗೆ ಹೋಗಿ, ಕುಮುವಿನ ಹಿಂದೆ ನಿಂತು, ತಾನೂ ಕರೆಯತೊಡಗಿದ. ಪಾಠಕ್ಕೆ ಬರುತ್ತಿದ್ದ ಇನ್ನು ಮೂವರು ಒಬ್ಬರ ಮುಖ ಒಬ್ಬರು ನೋಡಿ ಅವನ ಹಿಂದೆ ಹೋದರು. ಕ್ಲಾಸಿನಲ್ಲಿ ಈಗ ಹದಿನೆಂಟು ಮಂದಿ ಉಳಿದರು.

"ಎಲ್ಲಿಗ್ರೋ ಹೋಗ್ತಿದೀರಿ?" ಮಿಸ್ ನಾಕಾಸೋನೆ ಕಂಗಾಲಾದರು. "ನಾನು ಒಬ್ರನ್ನ ಒಳಗೆ ಕರೆದ್ರೆ ನಾಲ್ಕು ಜನ ಹೊರಗೆ ಹೋಗ್ತೀರಲ್ಲ!"

"ಮಿಸ್, ನಾವೂ ಹೋಗ್ಬಹುದಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಯಾರೂ ಏಳಬೇಡಿ! ಕೈಪೋ, ಏನಿದು? ಇದಕ್ಕೆ ಏನು ಹೇಳ್ಬೇಕು?"

"ಗೊತ್ತಿಲ್ಲ ಮಿಸ್. ನಾವು ಯಾವಾಗ್ಲೂ ಹೊರಗೇ ಇರೋದು. ಒಳಗಿನದು ಗ್ಯಾರೇಜಲ್ಲಿ ಅರ್ಧಂಬರ್ಧ ಕೇಳಿಸತ್ತೆ." ಅವನು ತೆರೆದ ಬಾಗಿಲಿನಿಂದ ಬೆರಳು ತೋರಿಸಿದ. "ಅವಳಿಗೆ ಗೊತ್ತಿರತ್ತೆ. ಅವಳು ಒಳಗೆ ಬ್ರೆಡ್ ತಿಂತಿದ್ಲು."

ಮೂವತ್ತನಾಲ್ಕು ಕಣ್ಣುಗಳು ನೋಹೆಯಾಳ ಕಡೆಗೆ ತಿರುಗಿದವು. ಮಿಸ್ ನಾಕಾಸೋನೆಯ ಎರಡು ಕಣ್ಣುಗಳು ಅದಕ್ಕೆ ಸೇರಿದವು.

ನೋಹೆಯಾ ತಲೆ ಎತ್ತಿದಳು. ನಿಲ್ಲಲಿ, ಎಂದು ಅವಳಿಗೆ ಅನ್ನಿಸಿತು. ನನ್ನನ್ನು ನಾಲ್ಕು ದಿನ ನಿಲ್ಲಿಸಿದಳಲ್ಲ, ನಾಲ್ಕು ನಿಮಿಷ ನಿಲ್ಲಲಿ. ಅವಳು ಗೋಡೆಯ ಗಡಿಯಾರ ನೋಡಿದಳು.

ಕುಮು ಮೂರನೆಯ ಬಾರಿ ಕರೆಯತೊಡಗಿದಳು.

ನೋಹೆಯಾ ಬಾಗಿಲ ಕಡೆ ನೋಡಿದಳು. ಎರಡು ವರ್ಷ ಒಳಗೆ ಕುಳಿತು ಕೇಳಿದ್ದರೂ, ಕರೆಯುವವರ ಮುಖವನ್ನು ಅವಳು ನಾಲಿಗೆ ತೋರಿಸಲು ಮಾತ್ರ ನೋಡಿದ್ದಳು. ಟೂಟೂವಿನ ಪಾದಗಳ ಮೇಲೆ ಕೆಂಪು ಧೂಳಿತ್ತು. ಅವಳು ಪೇಟೆಯ ದಾರಿಯಲ್ಲಿ ನಡೆದೇ ಬಂದಿರಬೇಕು. ಇಸ್ತ್ರಿ ಮಾಡಿದ ಗೌನಿನ ತೋಳು ಬೆವರಿಗೆ ಅಂಟಿತ್ತು. ಮೂರನೆಯ ಸಾಲಿನಲ್ಲಿ ದನಿ ಒಡೆಯಿತು. ಅವಳು ಸ್ವಲ್ಪ ಕೆಮ್ಮಿ, ಬಿಟ್ಟಲ್ಲಿಂದ ಮುಂದುವರಿಸಿದಳು.

ಅವಳು ನೋಹೆಯಾಳನ್ನು ನೋಡುತ್ತಿರಲಿಲ್ಲ. ಕಣ್ಣಿನಲ್ಲಿ ಸನ್ನೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತೆರೆದ ಬಾಗಿಲ ಮುಂದೆ, ಎರಡು ಕೈಗಳೂ ಬುರುಡೆಯ ಮೇಲೆ, ಅವಳು ಕಾಯುತ್ತಿದ್ದಳು, ಅಷ್ಟೇ. ಒಳಗಿನವರು ಏನು ಹೇಳುವರೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕರೆ ಮುಗಿಯಿತು. ನೋಹೆಯಾ ಎದ್ದಳು.

ಬಾಗಿಲ ಎದುರಿಗೇ ಅವಳ ಬ್ಯಾಗು ಬಿದ್ದಿತ್ತು. ಅದನ್ನು ಅವಳು ಕಾಲಿನಿಂದ ಬದಿಗೆ ಸರಿಸಿದಳು. ಬಾಯಿ ತೆರೆದಳು. ಮೊದಲ ಅಕ್ಷರ ಬೆಕ್ಕಿನ ಮರಿಯ ದನಿಯಂತೆ ಬಂದಿತು, ಯಾರೋ ಕಿಸಕ್ಕೆಂದರು. ಅನಂತರ ಉಳಿದದ್ದು ತಾನಾಗಿ ಬಂದಿತು. ಯಾರೂ ಕಲಿಸದಿದ್ದ ನಾಲ್ಕು ಸಾಲುಗಳು, ಎಲ್ಲಿಯೂ ತಡವರಿಸದೆ, ಒಂದರ ಹಿಂದೆ ಒಂದು. ಗಾಳಿ ದನಿಯನ್ನು ತಂದಿತು, ಧೂಳು ತೊಳೆಯಲು ನೀರಿದೆ. ಅವುಗಳ ಜೊತೆಗೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ರುಚಿಯೂ ನಾಲಿಗೆಗೆ ಬಂದಿತು.

ಹೊರಗಿರುವವರೇ, ಬನ್ನಿ.

ಕುಮು ವೇಹೀಲಾನಿ ತಲೆ ಬಾಗಿಸಿ, ಬಲಗಾಲನ್ನು ಒಳಗಿಟ್ಟಳು. ಕೈಪೋ ಮತ್ತು ಉಳಿದ ಮೂವರು ತಾವೂ ಅತಿಥಿಗಳೆಂಬಂತೆ ಗಂಭೀರವಾಗಿ ಅವಳ ಹಿಂದೆ ಬಂದರು. ಮಿಸ್ ನಾಕಾಸೋನೆ ಉಸಿರು ಬಿಟ್ಟರು.

ಆಮೇಲಿನ ನಲವತ್ತು ನಿಮಿಷ ಗದ್ದಲವೋ ಗದ್ದಲ. ಕುಮು ಅಲೆಯನ್ನು ಕೈಯಲ್ಲಿ ತೋರಿಸುವುದು ಹೇಗೆಂದು ಕಲಿಸಿದಳು. ಇಪ್ಪತ್ತೆರಡು ಮಕ್ಕಳ ಅಲೆಗಳು ಬಲಕ್ಕೆ ಹೋದವು. ಮಿಸ್ ನಾಕಾಸೋನೆಯ ಅಲೆ ಎಡಕ್ಕೆ ಹೋಗಿ ಬೋರ್ಡಿಗೆ ಬಡಿಯಿತು.

"ನಿಮ್ಮ ಸಮುದ್ರ ಬೇರೆ ಇರ್ಬೇಕು ಮಿಸ್," ಎಂದಳು ಕುಮು.

ಹೊರಡುವಾಗ ಅವಳು ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದಳು. ನೋಹೆಯಾಳ ಡೆಸ್ಕಿನ ಪಕ್ಕದಲ್ಲಿ ಮಾತ್ರ ಒಂದು ಗಳಿಗೆ ನಿಂತಳು. ಹೊಗಳುವಳೆಂದು ನೋಹೆಯಾ ಕಾದಳು.

"ಎರಡನೇ ಸಾಲಲ್ಲಿ ಉಸಿರು ಬೇಗ ಬಿಟ್ಟೆ," ಎಂದು ಹೇಳಿ ಕುಮು ಹೊರಟುಹೋದಳು.

ಸಂಜೆ ನಾಲ್ಕಕ್ಕೆ ಐದು ನಿಮಿಷ ಇರುವಾಗ ನೋಹೆಯಾ ಹಾಸಿಗೆಯಿಂದ ಎದ್ದಳು. ಅಡುಗೆಮನೆಯ ಬಾಗಿಲ ಚಿಲಕ ತೆಗೆದಿತ್ತು. ಬಾಗಿಲು ಒಂದು ಬೆರಳಿನಷ್ಟು ತೆರೆದೂ ಇತ್ತು. ಸಂದಿಯಿಂದ ಚಾಪೆಯ ಮಡಿಸಿದ ಮೂಲೆ ಕಾಣಿಸುತ್ತಿತ್ತು. ಮೇಜಿನ ಮೇಲೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ತುಂಡೂ ಇತ್ತು.

ಅವಳು ಬ್ರೆಡ್ಡನ್ನು ಅಲ್ಲಿಯೇ ನಿಂತು ತಿಂದು ಮುಗಿಸಿದಳು. ಕೈ ತೊಳೆದಳು. ಆ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮನೆಯ ಮುಂಬಾಗಿಲಿನಿಂದ ಹೊರಗೆ ಹೋದಳು. ಕಾರನ್ನು ಸುತ್ತಿ, ಅಂಕಲ್ ಬೋಜೋನ ಬೇಲಿಯ ಪಕ್ಕದಿಂದ ಬಂದರೆ ಈ ದಾರಿಗೆ ಐವತ್ತೆರಡು ಹೆಜ್ಜೆ.

"ಓಹೋ," ಎಂದಿತು ಟ್ರಕ್ಕಿನ ಕೆಳಗಿನ ದನಿ. "ಇವತ್ತು ಎರಡು ಅರ್ಧವೂ ಒಂದೇ ಕಡೆ ಇವೆಯಲ್ಲ!"

ಹದಿನಾಲ್ಕು ಮಂದಿ ಆಗಲೇ ನಿಂತಿದ್ದರು. ಎರಡನೆಯ ಸಾಲಿನ ಕೊನೆಯಲ್ಲಿದ್ದ ಕೈಪೋ ಅರ್ಧ ಹೆಜ್ಜೆ ಸರಿದು ಜಾಗ ಮಾಡಿದ. ನೋಹೆಯಾ ನಿಂತಳು. ಅವಳ ಕೈಗಳು ಬಾಗಿಲ ಹಿಡಿಯಿಂದ ದೂರದಲ್ಲಿದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಳು.

ಗಾಳಿ ಬೆನ್ನನ್ನು ತಳ್ಳುತ್ತಿತ್ತು. ಕಾಲಿಗೆ ಕೆಂಪು ಧೂಳು ಮೆತ್ತಿತ್ತು. ಎಲ್ಲರೂ ಕರೆದರು. ಅಷ್ಟು ದನಿಗಳ ನಡುವೆ ತನ್ನದು ಯಾವುದೆಂದು ನೋಹೆಯಾಳಿಗೆ ಗುರುತು ಸಿಗಲಿಲ್ಲ.

ಕರೆ ಮುಗಿಯಿತು. ಒಳಗೆ ಮೌನ. ಒಂದು ಉಸಿರಿನಷ್ಟು, ಎರಡು ಉಸಿರಿನಷ್ಟು.

"ಇನ್ನೊಂದ್ಸಲ ಕರೀಬೇಕೇನೋ," ಎಂದು ಕೈಪೋ ಪಿಸುಗುಟ್ಟಿದ.

ಆಗ ಬಾಗಿಲ ಹಿಂದೆ ಸರ್ ಎಂದು ಒಂದು ಸಣ್ಣ ಸದ್ದಾಯಿತು. ಯಾರೋ ಚಾಪೆಯ ಮೂಲೆಯನ್ನು ಕಾಲಿನಿಂದ ಎಳೆದು ನೇರ ಮಾಡಿದ ಸದ್ದು. ಅದರ ಅರ್ಥ ಆ ಹದಿನೈದು ಮಂದಿಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ನೋಹೆಯಾ ಕೈಪೋನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಆಮೇಲೆ, ಸದ್ದಾಗದಂತೆ, ಚಪ್ಪಲಿ ಬಿಟ್ಟಳು.